ನೆಲ ಅಳೆಯುವವರ ನಂಟು

ನಮ್ಮ ಹಳ್ಳಿಗಳಲ್ಲಿ ದೇವರ ಕಲ್ಲಿಗೆ ಅಂಜುವಷ್ಟೇ ಜನ ಅಂಜುವ ಇನ್ನೊಂದು ಕಲ್ಲುಂಟು, ಅದು ಬಾಂದುಕಲ್ಲು. ಅದಕ್ಕೆ ಅರಿಸಿನ ಕುಂಕುಮಗಳ ಪೂಜೆಯಿಲ್ಲ, ಗುಡಿಯ ನೆರಳಿಲ್ಲ. ಹೊಲದ ಮೂಲೆಯಲ್ಲಿ, ಮುಳ್ಳುಕಂಟಿಗಳ ನಡುವೆ, ಅರ್ಧ ಮಣ್ಣಿನೊಳಗೆ ಹೂತು ನಿಂತಿರುತ್ತದೆ. ಆದರೆ ರಾತ್ರೋರಾತ್ರಿ ಯಾರಾದರೂ ಅದನ್ನು ಒಂದು ಮೊಳ ಆಚೆಗೆ ಸರಿಸಿದರೋ, ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ದಾಯಾದಿಗಳು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಒಂದು ತಲೆಮಾರಿನ ಜಗಳ ಮುಂದಿನ ತಲೆಮಾರಿಗೆ ಪಿತ್ರಾರ್ಜಿತ ಆಸ್ತಿಯ ಹಾಗೆ ಇಳಿದು ಬರುತ್ತದೆ.

ಅಂಥ ಜಗಳದ ದಿನ ಊರಿಗೆ ಬರುವವನು ಸರ್ವೆಯವನು. ನಾನು ಹುಡುಗನಾಗಿದ್ದಾಗ ಕಂಡ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಇಬ್ಬರು ಆಳುಗಳು ಕಬ್ಬಿಣದ ಸರಪಳಿಯನ್ನು ಬಿಗಿಹಿಡಿದು ಹೊಲದುದ್ದಕ್ಕೂ ನಡೆಯುತ್ತಿದ್ದರು. ಸರ್ವೆಯವರು ಹಳೆಯ ಟಿಪ್ಪಣಿಯನ್ನು ಬಿಚ್ಚಿಕೊಂಡು, ಅದರಲ್ಲಿದ್ದ ಆಣೆಗಳ ಲೆಕ್ಕವನ್ನು ನೆಲದ ಮೇಲೆ ಹುಡುಕುತ್ತಿದ್ದರು. ಎರಡು ಕಡೆಯವರೂ ಉಸಿರು ಬಿಗಿಹಿಡಿದು ನಿಂತಿದ್ದರು. ಆ ಸರಪಳಿಯ ಉದ್ದ 33 ಅಡಿ. ಅದರಲ್ಲಿ 16 ಆಣೆ. ಸರಪಳಿಯ ಒಂದು ಚದರಕ್ಕೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಪದ್ಧತಿಯ ಮೋಜಣಿ ನಮ್ಮ ನಾಡಿಗೆ ತಂದುಕೊಟ್ಟ ಲೆಕ್ಕವಿದು. ಅಂದು ಆ ಮೂವತ್ತಮೂರು ಅಡಿಯ ಕಬ್ಬಿಣವೇ ಧರ್ಮಾಧಿಕಾರಿಯಾಗಿತ್ತು.

ಇದಕ್ಕಿಂತ ಸ್ಥಳೀಯವಾದ ವೃತ್ತಿ ಇನ್ನೊಂದು ಇರಲಾರದು ಎಂದು ಯಾರಿಗಾದರೂ ತೋರುತ್ತದೆ. ವೈದ್ಯನ ಔಷಧ ಎಲ್ಲ ದೇಶದ ದೇಹಕ್ಕೂ ಸಲ್ಲುತ್ತದೆ; ಆದರೆ ಒಂದೂರಿನ ಚಕ್ಕುಬಂದಿ ಆ ಊರಿಗೇ ಸಲ್ಲಬೇಕು. ನೆಲ ಬೇರೆ, ಕಾನೂನು ಬೇರೆ, ಅಳತೆಯ ಮಾತು ಬೇರೆ. ಹೀಗಿರುವಾಗ ನೆಲ ಅಳೆಯುವವರು ಸಮುದ್ರಗಳನ್ನು ದಾಟಿ ಒಂದು ಒಕ್ಕೂಟ ಕಟ್ಟಿಕೊಂಡರೇಕೆ? ಕಟ್ಟಿಕೊಂಡು ಪಡೆದದ್ದೇನು? ಅದರಿಂದ ಸಣ್ಣ ಹಿಡುವಳಿದಾರನಿಗೆ ಬಂದ ಭಾಗ್ಯವೇನು? ಈ ಹೊತ್ತು ನಾನು ಹೇಳಹೊರಟಿರುವುದು ಈ ಸಂಗತಿಯನ್ನೇ.

ಒಕ್ಕೂಟದ ಕಥೆ ಪ್ಯಾರಿಸಿನಿಂದ ಮೊದಲಾಗುತ್ತದೆ. ಆದರೆ ಅದರ ಬೇರು ಇನ್ನೂ ಹಿಂದಿನದು. 1807ರಲ್ಲಿ ನೆಪೋಲಿಯನ್ ಫ್ರಾನ್ಸಿನ ಪ್ರತಿಯೊಂದು ತುಂಡು ನೆಲವನ್ನೂ ಅಳೆದು, ನಕ್ಷೆ ಬರೆದು, ಒಡೆಯನ ಹೆಸರನ್ನು ನಮೂದಿಸಬೇಕೆಂದು ಕಾನೂನು ಮಾಡಿದ. ಈ ನಕ್ಷೆ ಮತ್ತು ದಫ್ತರುಗಳ ಜೋಡಿಗೆ ಯೂರೋಪಿನವರು ಕಡಾಸ್ಟರ್ ಎನ್ನುತ್ತಾರೆ. ನಮ್ಮ ಆಕಾರಬಂದು, ಟಿಪ್ಪಣಿ, ಪಹಣಿಗಳನ್ನೆಲ್ಲ ಒಂದು ಕಟ್ಟಿನಲ್ಲಿ ಕಟ್ಟಿದರೆ ಏನಾಗುವುದೋ ಸುಮಾರಾಗಿ ಅದೇ. ಕಂದಾಯ ವಸೂಲಿಯೇ ಅದರ ಮೊದಲ ಗುರಿ. ಆದರೆ ಒಮ್ಮೆ ನಕ್ಷೆ ಹುಟ್ಟಿದ ಮೇಲೆ ಅದು ಕಂದಾಯದವನ ಸೊತ್ತಾಗಿ ಮಾತ್ರ ಉಳಿಯಲಿಲ್ಲ. ಮಾರುವವನೂ ಕೊಳ್ಳುವವನೂ ಸಾಲ ಕೊಡುವವನೂ ನ್ಯಾಯಾಧೀಶನೂ ಅದನ್ನೇ ಕೇಳತೊಡಗಿದರು. ನಕ್ಷೆ ಬರೆದವನ ಹೆಗಲ ಮೇಲೆ ಹೊಣೆ ಹೆಚ್ಚಿತು. ರೈಲುದಾರಿಗಳು, ಕಾಲುವೆಗಳು, ಬೆಳೆಯುವ ಪಟ್ಟಣಗಳು ಆ ಹೊಣೆಯನ್ನು ಇಮ್ಮಡಿ ಮಾಡಿದವು.

ಹೊಣೆ ಹೆಚ್ಚಿದಂತೆ ವೃತ್ತಿಯವರು ಸಂಘ ಕಟ್ಟಿಕೊಂಡರು. 1868ರಲ್ಲಿ ಲಂಡನ್ನಿನಲ್ಲಿ ಸರ್ವೆಯರುಗಳ ಸಂಸ್ಥೆ ಹುಟ್ಟಿತು. 1871ರಲ್ಲಿ ಜರ್ಮನರ ಸಂಘ. 1875ರ ಮೇ 20ರಂದು 17 ರಾಷ್ಟ್ರಗಳು ಪ್ಯಾರಿಸಿನಲ್ಲಿ ಮೀಟರು ಒಪ್ಪಂದಕ್ಕೆ ಸಹಿ ಹಾಕಿದವು. ಊರಿಗೊಂದು ಮೊಳ, ಸೀಮೆಗೊಂದು ಕೋಲು ಇದ್ದ ಯೂರೋಪು ಒಂದೇ ಅಳತೆಗೋಲಿನ ಕಡೆ ತಿರುಗುತ್ತಿದ್ದ ಕಾಲವದು. ಅಳತೆಗೋಲು ಒಂದಾಗುವುದಾದರೆ ಅಳೆಯುವವರೇಕೆ ಒಂದಾಗಬಾರದು?

1878ರ ಬೇಸಿಗೆಯಲ್ಲಿ ಪ್ಯಾರಿಸಿನಲ್ಲಿ ದೊಡ್ಡ ವಿಶ್ವ ಪ್ರದರ್ಶನ ನಡೆದಿತ್ತು. ಅದೇ ಸಮಯಕ್ಕೆ, ಜುಲೈ ತಿಂಗಳಿನಲ್ಲಿ, ಏಳು ದೇಶಗಳ ಭೂಮಾಪಕ ಸಂಘಗಳ ಪ್ರತಿನಿಧಿಗಳು ಅಲ್ಲಿ ಕಲೆತರು. ಬೆಲ್ಜಿಯಂ, ಫ್ರಾನ್ಸ್, ಜರ್ಮನಿ, ಬ್ರಿಟನ್, ಇಟಲಿ, ಸ್ಪೇನ್ ಮತ್ತು ಸ್ವಿಟ್ಜರ್ಲೆಂಡ್ ಆ ಏಳು ದೇಶಗಳು. ಅವರು ಹುಟ್ಟುಹಾಕಿದ ಒಕ್ಕೂಟಕ್ಕೆ ಫ್ರೆಂಚಿನಲ್ಲಿ ಫೆದೆರಾಸ್ಯೋಂ ಅಂತೆರ್ನಾಸ್ಯೊನಾಲ್ ದೆ ಜೆಯೋಮೆತ್ರ್ ಎಂದು ಹೆಸರು. ಮೂರು ಮೊದಲಕ್ಷರಗಳನ್ನು ಕೂಡಿಸಿ ಜಗತ್ತು ಅದನ್ನು ಇಂದಿಗೂ ಫಿಗ್ ಎಂದು ಕರೆಯುತ್ತದೆ.

ಈ ಏಳು ಹೆಸರುಗಳನ್ನು ಓದುವಾಗ ಎರಡರ ಮೇಲೆ ನನ್ನ ಕಣ್ಣು ನಿಲ್ಲುತ್ತದೆ: ಫ್ರಾನ್ಸ್ ಮತ್ತು ಜರ್ಮನಿ. ಅವರಿಬ್ಬರ ಯುದ್ಧ ಮುಗಿದು ಆಗ ಏಳೇ ವರ್ಷವಾಗಿತ್ತು. 1871ರ ಫ್ರಾಂಕ್‌ಫರ್ಟ್ ಒಪ್ಪಂದದಲ್ಲಿ ಅಲ್ಸಾಸ್ ಪ್ರಾಂತವೂ ಲೊರೇನಿನ ಒಂದು ಭಾಗವೂ ಫ್ರಾನ್ಸಿನ ಕೈಬಿಟ್ಟು ಜರ್ಮನಿಗೆ ಸೇರಿದ್ದವು. ಗಡಿಯೇ ಗಾಯವಾಗಿದ್ದ ಆ ದಿನಗಳಲ್ಲಿ ಗಡಿಗೆರೆ ಎಳೆಯುವ ಕಸುಬಿನವರು ಒಂದೇ ಮೇಜಿನ ಸುತ್ತ ಕುಳಿತರೆಂದರೆ ಅದು ಸಣ್ಣ ಸಂಗತಿಯಲ್ಲ. ಅವರು ಸಂತರೆಂದು ನಾನು ಹೇಳುವುದಿಲ್ಲ. ಆದರೆ ಕೋನ ಅಳೆಯುವ ಯಂತ್ರದ ಮುಂದೆ ನಿಂತವನಿಗೆ ತಪ್ಪು ಯಾರದಾದರೂ ತಪ್ಪೇ. ತ್ರಿಭುಜದ ಮೂರು ಕೋನಗಳು ದೇಶಾಭಿಮಾನ ನೋಡಿಕೊಂಡು ಕೂಡುವುದಿಲ್ಲ. ವೃತ್ತಿಯ ಈ ಶಿಸ್ತು ಮನುಷ್ಯನಿಗೆ ಒಂದು ಬಗೆಯ ನಿಷ್ಪಕ್ಷಪಾತವನ್ನು ಕಲಿಸುತ್ತದೆ. ಒಕ್ಕೂಟದ ಅಡಿಗಲ್ಲು ಅದೇ ಎಂದು ನನ್ನ ಎಣಿಕೆ.

ಅಡಿಗಲ್ಲೇನೋ ಬಿತ್ತು, ಗೋಡೆ ಏಳಲು ಬಹಳ ದಿನ ಹಿಡಿಯಿತು. ಎರಡನೆಯ ಮಹಾಸಭೆ ಸೇರಿದ್ದು 1910ರಲ್ಲಿ, ಬ್ರಸೆಲ್ಸಿನಲ್ಲಿ. ನಡುವೆ 32 ವರ್ಷಗಳ ಅಂತರ! ಹುಟ್ಟಿದ ಮಗು ಮೊದಲ ಹೆಜ್ಜೆಯಿಡಲು ಇಷ್ಟು ಕಾಲ ತೆಗೆದುಕೊಂಡರೆ ತಾಯಿತಂದೆಗಳು ಹರಕೆ ಹೊತ್ತಾರು. ಇನ್ನೇನು ನಡಿಗೆ ಕೂಡಿಬಂತು ಎನ್ನುವಷ್ಟರಲ್ಲಿ 1914 ಬಂತು. ಸಭೆಯಲ್ಲಿ ಕುಳಿತಿದ್ದ ದೇಶಗಳು ಕಂದಕಗಳಲ್ಲಿ ಎದುರುಬದುರಾದವು. ಭೂಮಾಪಕನ ಜಾಣ್ಮೆ ಫಿರಂಗಿಯ ಗುರಿ ಲೆಕ್ಕ ಹಾಕಲು ಬೇಕಾಯಿತು. ಮೂರನೆಯ ಮಹಾಸಭೆ 1926ರಲ್ಲಿ, ಮತ್ತೆ ಪ್ಯಾರಿಸಿನಲ್ಲಿ. ಅಲ್ಲಿಂದ 1930ರಲ್ಲಿ ಜ್ಯೂರಿಕ್, 1934ರಲ್ಲಿ ಲಂಡನ್, 1938ರಲ್ಲಿ ರೋಮ್. ಮತ್ತೆ ಯುದ್ಧ, ಮತ್ತೆ ಮೌನ. ಮುಂದಿನ ಮಹಾಸಭೆ ಲೊಸಾನ್ ನಗರದಲ್ಲಿ ಸೇರಿದಾಗ 1949 ಬಂದಿತ್ತು.

ಈ ಇಸವಿಗಳ ಪಟ್ಟಿಯನ್ನು ನಾನು ಬೇಕೆಂದೇ ಹೇಳಿದೆ. ಸೈನ್ಯವಿಲ್ಲದ, ಖಜಾನೆಯಿಲ್ಲದ, ಕಾನೂನು ಮಾಡುವ ಅಧಿಕಾರವಿಲ್ಲದ ಇಂಥ ಸಂಸ್ಥೆ ಎಷ್ಟು ನಾಜೂಕಾದದ್ದು ಎಂಬುದನ್ನು ಅದು ತೋರಿಸುತ್ತದೆ. ಗಾಳಿಗೆ ಆರುತ್ತದೆ, ಆದರೆ ಯಾರೋ ಒಬ್ಬರು ಮತ್ತೆ ಬತ್ತಿ ಹೊತ್ತಿಸುತ್ತಾರೆ. ಬಹುಕಾಲ ಒಕ್ಕೂಟಕ್ಕೆ ಖಾಯಂ ಕಚೇರಿಯೂ ಇರಲಿಲ್ಲ. ಯಾವ ದೇಶದ ಸಂಘ ಮುಂದಿನ ಮಹಾಸಭೆ ನಡೆಸುವುದೋ ಆ ದೇಶಕ್ಕೆ ಅಧ್ಯಕ್ಷತೆಯೂ ಕಡತಗಳೂ ಹೋಗುತ್ತಿದ್ದವು. ಒಂದರ್ಥದಲ್ಲಿ ಅದು ಸಂಚಾರಿ ಮಠ. ಕೋಪನ್‌ಹೇಗನ್ನಿನಲ್ಲಿ ಖಾಯಂ ಕಚೇರಿ ಬಂದದ್ದು 1999ರಲ್ಲಿ.

ಇಂಥ ಸಂಸ್ಥೆ ತನ್ನ ವೃತ್ತಿಯವರಿಗೆ ಆಸರೆಯಾಗುವುದು ಹೇಗೆ? ಕೆಲಸವನ್ನು ಅದು ಹತ್ತು ಆಯೋಗಗಳಲ್ಲಿ ಹಂಚಿಕೊಂಡಿದೆ. ವೃತ್ತಿಯ ನಡವಳಿಕೆಗೆ ಒಂದು, ಶಿಕ್ಷಣಕ್ಕೆ ಒಂದು, ಜಲಮಾಪನಕ್ಕೆ ಒಂದು, ಕಡಾಸ್ಟರ್ ಮತ್ತು ಭೂನಿರ್ವಹಣೆಗೆ ಒಂದು, ಹೀಗೆ. ಒಬ್ಬ ದೇಶದವನು ಎಡವಿದ ಕಲ್ಲನ್ನು ಇನ್ನೊಬ್ಬ ದೇಶದವನು ಮೊದಲೇ ಅರಿತುಕೊಳ್ಳಲಿ ಎಂಬುದು ಅವುಗಳ ಉದ್ದೇಶ. ಇದರಲ್ಲಿ ದುಡಿಯುವವರು ಬಹುಪಾಲು ತಮ್ಮ ತಮ್ಮ ಕೆಲಸಗಳ ನಡುವೆ ಬಿಡುವು ಮಾಡಿಕೊಂಡು ಬರುವ ಪ್ರಾಧ್ಯಾಪಕರು, ಅಧಿಕಾರಿಗಳು, ಖಾಸಗಿ ಸರ್ವೆಯರುಗಳು.

ಸಾಹಿತ್ಯಾಸಕ್ತರಾದ ತಮಗೆ ಹಿತವಾಗಬಹುದಾದ ಒಂದು ಕೆಲಸವನ್ನು ಮೊದಲು ಹೇಳುತ್ತೇನೆ. 1960ರ ದಶಕದಲ್ಲಿ ಈ ಒಕ್ಕೂಟ ಒಂದು ಬಹುಭಾಷಾ ನಿಘಂಟನ್ನು ಅಚ್ಚುಮಾಡಿಸಿತು. ಫ್ರೆಂಚ್, ಜರ್ಮನ್, ಇಂಗ್ಲಿಷ್ ಮೂರರಲ್ಲೂ ಭೂಮಾಪನದ ಪಾರಿಭಾಷಿಕ ಪದಗಳನ್ನು ಎದುರುಬದುರಾಗಿ ನಿಲ್ಲಿಸಿದ ಗ್ರಂಥವದು. ನಿಘಂಟು ಮಾಡುವುದು ಪಂಡಿತರ ಕಾಲಹರಣವೆಂದು ಕೆಲವರು ತಿಳಿಯುತ್ತಾರೆ. ಆದರೆ ಗಡಿ ಎಂಬ ಒಂದು ಮಾತನ್ನೇ ನೋಡಿ. ನಮ್ಮಲ್ಲಿ ಎಲ್ಲೆ, ಮೇರೆ, ಸೀಮೆ, ಬದು, ಹದ್ದು ಎಂದೆಲ್ಲ ಮಾತುಗಳುಂಟು. ಒಂದೊಂದಕ್ಕೂ ತೂಕ ಬೇರೆ. ಎರಡು ಹೊಲಗಳ ನಡುವಿನ ಬದುವಿಗೂ ಎರಡು ರಾಜ್ಯಗಳ ನಡುವಿನ ಎಲ್ಲೆಗೂ ಒಂದೇ ಶಬ್ದ ಹಾಕಿದರೆ ನ್ಯಾಯವೇ ಕೆಟ್ಟೀತು. ನೆಲದ ಮೇಲಿನ ಹಕ್ಕು ಮೊದಲು ಮಾತಿನಲ್ಲಿ ನಿಲ್ಲಬೇಕು, ಆಮೇಲೆ ಕಲ್ಲಿನಲ್ಲಿ. ಇದನ್ನು ಅರಿತ ಕಸುಬುದಾರರು ಪದಗಳನ್ನೂ ಅಳೆದರೆಂಬುದು ನನಗೆ ಬಹಳ ಮೆಚ್ಚಿಕೆಯಾದ ಸಂಗತಿ.

1958ರಲ್ಲಿ ಅದು ನೆದರ್‌ಲೆಂಡ್ಸಿನಲ್ಲಿ ಇನ್ನೊಂದು ಸಂಸ್ಥೆಯನ್ನು ನೆಲೆಗೊಳಿಸಿತು. ಬೇರೆ ಬೇರೆ ದೇಶಗಳ ಭೂದಾಖಲೆ ಪದ್ಧತಿಗಳ ಬಗೆಗಿನ ಬರಹಗಳನ್ನು ಕೂಡಿಡುವ ಭಂಡಾರವದು. ಹೊಸದಾಗಿ ಸ್ವಾತಂತ್ರ್ಯ ಪಡೆದ ದೇಶವೊಂದು ತನ್ನ ಭೂದಾಖಲೆಗಳನ್ನು ಕಟ್ಟಿಕೊಳ್ಳಬೇಕಾದರೆ ಹತ್ತು ದೇಶಗಳ ಅನುಭವ ಒಂದೆಡೆ ಸಿಕ್ಕುವುದು ಎಷ್ಟು ಉಪಕಾರ ಎಂಬುದನ್ನು ತಾವು ಊಹಿಸಬಹುದು.

ಮೂರನೆಯದು ನಡತೆಯ ಮಾತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂದು ನಮ್ಮವರು ಹೇಳುತ್ತಾರೆ. ಸರ್ವೆಯವನ ಮಟ್ಟಿಗೆ ಇದು ಗಾದೆಯಲ್ಲ, ದಿನದಿನದ ಪರೀಕ್ಷೆ. ಅವನ ಕೈಯ ಸೀಸದ ಕಡ್ಡಿ ಒಂದು ಗೆರೆಯಷ್ಟು ಓರೆಯಾದರೆ ಒಬ್ಬನ ಮನೆಯಂಗಳ ಇನ್ನೊಬ್ಬನದಾಗುತ್ತದೆ. ಸರಕಾರ ಸಂಬಳ ಕೊಡುತ್ತದೆ. ಗಿರಾಕಿ ಶುಲ್ಕ ಕೊಡುತ್ತಾನೆ. ಆದರೆ ಗಡಿಯ ಆಚೆ ಬದಿಯಲ್ಲಿ ನಿಂತವನು ಏನನ್ನೂ ಕೊಡುವುದಿಲ್ಲ, ಅವನಿಗೂ ನ್ಯಾಯ ಸಲ್ಲಬೇಕು. 1998ರಲ್ಲಿ ಒಕ್ಕೂಟ ವೃತ್ತಿಯ ನೈತಿಕ ತತ್ತ್ವಗಳನ್ನೂ ಮಾದರಿ ನಡವಳಿಕೆಯ ಸಂಹಿತೆಯನ್ನೂ ಪ್ರಕಟಿಸಿತು. ಇದನ್ನು ಮುರಿದವನಿಗೆ ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ. ಆದರೂ ಒತ್ತಡಕ್ಕೆ ಸಿಕ್ಕ ಪ್ರಾಮಾಣಿಕನೊಬ್ಬ, ಇದು ನನ್ನೊಬ್ಬನ ಹಟವಲ್ಲ, ನನ್ನ ವೃತ್ತಿಯ ಜಗತ್ತೆಲ್ಲ ಒಪ್ಪಿದ ನಡತೆ ಎಂದು ಹೇಳಬಲ್ಲ. ಒಂಟಿಯಾಗಿ ನಿಂತವನಿಗೆ ಬೆನ್ನ ಹಿಂದೆ ನಾಲ್ಕು ಜನರಿದ್ದಾರೆಂಬ ಭರವಸೆ ಸಣ್ಣದಲ್ಲ.

ಇಷ್ಟಾದರೂ ಈ ಒಕ್ಕೂಟದ ಚರಿತ್ರೆಯಲ್ಲಿ ಒಂದು ದೊಡ್ಡ ಕೊರತೆ ಬಹುಕಾಲ ಉಳಿದಿತ್ತು. 1878ರ ಮೇಜಿನ ಸುತ್ತ ಕುಳಿತವರು ಯೂರೋಪಿನವರು ಮಾತ್ರ. ಅವರಲ್ಲಿ ಕೆಲವರ ದೇಶಗಳು ಆಗಲೇ ಏಷ್ಯಾ ಆಫ್ರಿಕಗಳ ನೆಲವನ್ನು ಅಳೆಯುತ್ತಿದ್ದವು. ಅಳೆಸಿಕೊಂಡ ನೆಲದವರಿಗೆ ಆ ಮೇಜಿನಲ್ಲಿ ಪೀಠವಿರಲಿಲ್ಲ. ಯೂರೋಪಿನ ಹೊರಗೆ ಮೊದಲ ಮಹಾಸಭೆ ಸೇರಿದ್ದು 1974ರಲ್ಲಿ, ವಾಷಿಂಗ್ಟನ್ನಿನಲ್ಲಿ. ಏಷ್ಯಾದ ಪಾಳಿ ಬರಲು 2014ರ ವರೆಗೆ ಕಾಯಬೇಕಾಯಿತು. ಆ ವರ್ಷ ಕೌಲಾಲಂಪುರದಲ್ಲಿ ಸಭೆ ಸೇರಿತು. ಕೊರತೆ ಪೀಠದ್ದು ಮಾತ್ರವಲ್ಲ, ದೃಷ್ಟಿಯದೂ ಹೌದು. ಸೆಂಟಿಮೀಟರಿನಷ್ಟೂ ತಪ್ಪದ ಗಡಿ, ಪ್ರತಿ ಮೂಲೆಗೂ ಕಲ್ಲು, ಪ್ರತಿ ಕಲ್ಲಿಗೂ ಲೆಕ್ಕ: ಇದು ಸಿರಿವಂತ ದೇಶಗಳ ಆದರ್ಶ. ಈ ಆದರ್ಶವನ್ನು ಹಾಗೆಯೇ ಎತ್ತಿ ಬಡದೇಶಗಳಿಗೆ ಒಯ್ದರೆ ಏನಾಗುವುದು? ಅಳೆಯುವವರು ಕೆಲವರು, ಅಳೆಯಬೇಕಾದ ತುಂಡುಗಳು ಕೋಟಿ. ಸರದಿ ಬರುವಷ್ಟರಲ್ಲಿ ಅಜ್ಜ ಹೋಗಿ ಮೊಮ್ಮಗ ಮುದುಕನಾಗಿರುತ್ತಾನೆ. ಅಷ್ಟರಲ್ಲಿ ಬಲಿಷ್ಠನೊಬ್ಬ ಕಾಗದ ಮಾಡಿಸಿಕೊಂಡು ಬಂದರೆ, ತಲೆಮಾರುಗಳಿಂದ ಉಳುತ್ತ ಬಂದವನು ತನ್ನ ನೆಲದಲ್ಲಿಯೇ ಒತ್ತುವರಿದಾರನಾಗುತ್ತಾನೆ.

ಈ ಪ್ರಶ್ನೆ ಒಕ್ಕೂಟದ ಮನಸ್ಸನ್ನು ಕಲಕಿದ್ದು ಕಳೆದ ಶತಮಾನದ ಕೊನೆಯ ದಶಕದಲ್ಲಿ. 1996ರಲ್ಲಿ ಇಂಡೋನೇಷ್ಯಾದ ಬೋಗೋರ್ ನಗರದಲ್ಲಿಯೂ 1999ರಲ್ಲಿ ಆಸ್ಟ್ರೇಲಿಯದ ಬ್ಯಾಥರ್ಸ್ಟ್ ನಗರದಲ್ಲಿಯೂ ವಿಶ್ವಸಂಸ್ಥೆಯೊಡನೆ ಕೂಡಿ ಅದು ತಜ್ಞರ ಸಭೆಗಳನ್ನು ನಡೆಸಿತು. ಎರಡು ಸಭೆಗಳಿಂದಲೂ ಘೋಷಣೆಗಳು ಹೊರಟವು. ಪ್ರತಿ ದೇಶಕ್ಕೂ ಅದರ ಅಗತ್ಯಕ್ಕೆ ಒಗ್ಗುವ ಕಡಾಸ್ಟರ್ ಬೇಕು. ನೆಲದ ಹಕ್ಕಿನ ಭದ್ರತೆ ಎಲ್ಲರಿಗೂ, ಅದರಲ್ಲೂ ಹೆಂಗಸರಿಗೆ ಮತ್ತು ಆದಿವಾಸಿಗಳಿಗೆ, ಎಟುಕಬೇಕು ಎಂಬುದು ಅವುಗಳ ತಿರುಳು. 2001ರಲ್ಲಿ ಹೆಂಗಸರ ಭೂಹಕ್ಕಿನ ಬಗ್ಗೆಯೇ ಒಕ್ಕೂಟ ಒಂದು ಪುಸ್ತಿಕೆಯನ್ನು ತಂದಿತು. ಗಂಡ ಸತ್ತ ಮೇಲೆ ಹೊಲವನ್ನು ಮೈದುನರಿಗೆ ಬಿಟ್ಟು ಹೊರಬೀಳುವ ವಿಧವೆಯ ಕಥೆಗೆ ದೇಶದ ಹಂಗಿಲ್ಲವಷ್ಟೆ? ನಕ್ಷೆಯಲ್ಲಿ ಹೆಸರಿಲ್ಲದವಳ ಹಕ್ಕು ನೀರಿನ ಮೇಲಿನ ಬರಹ. ಗಂಡಸರದೇ ಆಗಿದ್ದ ಈ ಒಕ್ಕೂಟಕ್ಕೆ 2015ರಲ್ಲಿ ಗ್ರೀಸಿನ ಕ್ರಿಸ್ಸಿ ಪೊಟ್ಸಿಯೂ ಮೊದಲ ಮಹಿಳಾ ಅಧ್ಯಕ್ಷೆಯಾದರು.

ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯವಾದದ್ದು. ಕಡಾಸ್ಟರಿನ ಹಳೆಯ ಪುಸ್ತಕಕ್ಕೆ ಒಂದು ಹಟವಿತ್ತು: ಒಡೆತನದ ಪತ್ರವಿದ್ದರೆ ಬರೆದುಕೊಳ್ಳುತ್ತದೆ, ಇಲ್ಲದವನನ್ನು ಕಾಣುವುದೇ ಇಲ್ಲ. ಆದರೆ ನೆಲದ ಜೊತೆಗೆ ಮನುಷ್ಯನ ನಂಟು ಒಡೆತನವೊಂದೇ ಅಲ್ಲ. ಗೇಣಿಗೆ ಉಳುವವನಿದ್ದಾನೆ, ಕುರಿ ಮೇಯಿಸುವವನಿದ್ದಾನೆ, ಕೊಳೆಗೇರಿಯಲ್ಲಿ ಮೂವತ್ತು ವರ್ಷದಿಂದ ತಗಡಿನ ಸೂರಿನ ಕೆಳಗೆ ಬಾಳುವವಳಿದ್ದಾಳೆ. ಈ ಎಲ್ಲ ಬಗೆಯ ನಂಟುಗಳನ್ನೂ ಇದ್ದದ್ದಿದ್ದ ಹಾಗೆ ಬರೆದುಕೊಳ್ಳುವ ದಾಖಲೆಯ ಮಾದರಿಯೊಂದನ್ನು ಒಕ್ಕೂಟದ ತಜ್ಞರು ವಿಶ್ವಸಂಸ್ಥೆಯ ವಸತಿ ವಿಭಾಗದೊಡನೆ ಕೂಡಿ ಸಿದ್ಧಮಾಡಿದರು. ಭೂದಾಖಲೆಗಳ ರಚನೆಯನ್ನು ಕುರಿತು ಒಕ್ಕೂಟದಲ್ಲಿ ಮೊಳೆತ ಇನ್ನೊಂದು ಮಾದರಿ 2012ರಲ್ಲಿ ಅಂತಾರಾಷ್ಟ್ರೀಯ ಮಾನಕವೇ ಆಯಿತು. ಉಗಾಂಡದ ಎಂಬಾಲೆ ಪಟ್ಟಣದಲ್ಲಿ ಕೊಳೆಗೇರಿಯ ನಿವಾಸಿಗಳ ಸಂಘದವರೇ ಮೊದಲಿನ ಮಾದರಿಯನ್ನು ಹಿಡಿದು, ಮನೆಮನೆಗೆ ಹೋಗಿ, ತಮ್ಮ ವಸತಿಯ ಲೆಕ್ಕವನ್ನು ತಾವೇ ಬರೆದರು. ಸರಕಾರದ ಪುಸ್ತಕದಲ್ಲಿ ಇಲ್ಲದ ಜನ ಒಂದು ಪುಸ್ತಕದಲ್ಲಾದರೂ ಮೊದಲ ಬಾರಿಗೆ ಇದ್ದಾರೆ ಎಂದಾಯಿತು.

2014ರಲ್ಲಿ ಒಕ್ಕೂಟವೂ ವಿಶ್ವಬ್ಯಾಂಕೂ ಕೂಡಿ ಪ್ರಕಟಿಸಿದ ಪುಸ್ತಕವೊಂದು ಈ ವಿಚಾರವನ್ನು ನೇರವಾಗಿ ಸಾರಿತು: ಅಳತೆ ಉದ್ದೇಶಕ್ಕೆ ತಕ್ಕಷ್ಟಿರಲಿ. ಪೇಟೆಯ ನಡುವಣ ನಿವೇಶನಕ್ಕೆ ಬೆರಳಗಲದ ನಿಖರತೆ ಬೇಕು, ಸರಿ. ಬೆಟ್ಟದ ಬದಿಯ ಜೋಳದ ಹೊಲಕ್ಕೆ ವಿಮಾನದಿಂದ ತೆಗೆದ ಚಿತ್ರದ ಮೇಲೆ, ನೆರೆಹೊರೆಯವರ ಎದುರಿನಲ್ಲಿ, ಬದುವಿನ ಗೆರೆ ಎಳೆದುಕೊಂಡರೆ ಸದ್ಯಕ್ಕೆ ಸಾಕು; ಮುಂದೆ ತಿದ್ದಬಹುದು. ರವಾಂಡ ದೇಶ 2009ರಿಂದ 2013ರ ವರೆಗಿನ ಅವಧಿಯಲ್ಲಿ ಹೀಗೆಯೇ ಮಾಡಿತು. ಹಳ್ಳಿಯ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ಚಿತ್ರದ ಹಾಳೆಗಳನ್ನು ಹೊಲಕ್ಕೆ ಒಯ್ದು, ಒಂದು ಕೋಟಿಗೂ ಮೀರಿದ ತುಂಡುಗಳನ್ನು ಗುರುತಿಸಿತು.

ಈ ಮಾತನ್ನು ವೃತ್ತಿಯ ಎಲ್ಲರೂ ಒಪ್ಪಲಿಲ್ಲ. ಒಪ್ಪದವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ನಿಖರತೆಯೇ ನಮ್ಮ ಧರ್ಮ, ಅದನ್ನು ಸಡಿಲಿಸಿದರೆ ನಮಗೂ ಕಣ್ಣಂದಾಜಿನವನಿಗೂ ಏನು ಅಂತರ ಎಂಬುದು ಒಂದು ಆಕ್ಷೇಪ. ಇಂದು ಅರ್ಧ ಮೀಟರು ತಪ್ಪಿದ ಗೆರೆ ನೆಲದ ಬೆಲೆ ಏರಿದ ದಿನ ಕೊಲೆಗೆ ಕಾರಣವಾಗಲಾರದೇ ಎಂಬುದು ಇನ್ನೊಂದು. ಬಾಂದುಕಲ್ಲಿನ ಜಗಳ ಕಂಡ ನನಗೆ ಈ ಅಳುಕು ಅರ್ಥವಾಗುತ್ತದೆ. ಆದರೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರುವುದೇನು? ಜಗತ್ತಿನಲ್ಲಿ ಮನುಷ್ಯನಿಗೂ ನೆಲಕ್ಕೂ ಇರುವ ನಂಟುಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಯಾವ ದಫ್ತರಿನಲ್ಲಿಯೂ ದಾಖಲಾಗಿಲ್ಲವೆಂದು ಈ ತಜ್ಞರದೇ ಅಂದಾಜು. ಅರ್ಧ ಮೀಟರಿನ ತಪ್ಪನ್ನು ನಾಳೆ ತಿದ್ದಬಹುದು; ಇಡೀ ಹೊಲವೇ ಕೈತಪ್ಪಿದ ಮೇಲೆ ತಿದ್ದುವುದು ಯಾವುದನ್ನು? ತನ್ನ ಕೌಶಲದ ಹೆಮ್ಮೆಯನ್ನು ಒಂದು ಮೆಟ್ಟಿಲು ಇಳಿಸಿ ಬಡವನ ಹೊಲದ ಬಳಿಗೆ ಬಂದದ್ದೇ ಈ ವೃತ್ತಿಯ ಇತ್ತೀಚಿನ ಚರಿತ್ರೆಯ ದೊಡ್ಡ ಸಂಗತಿ ಎಂದು ನನ್ನ ನಂಬಿಕೆ. ಒಬ್ಬ ಸರ್ವೆಯವನು ತಾನಾಗಿ ಹೀಗೆ ಮಾಡಿದ್ದರೆ ಅವನನ್ನು ಅರೆಗಲಿತವನೆಂದು ಜರೆಯುತ್ತಿದ್ದರು. ಒಕ್ಕೂಟ ಹೇಳಿದ್ದರಿಂದ ಅದು ವೃತ್ತಿಯ ಮಾರ್ಗವಾಯಿತು. ಅಧಿಕಾರವಿಲ್ಲದ ಸಂಸ್ಥೆಯ ಬಲ ಇರುವುದು ಇಲ್ಲಿಯೇ.

ಒಕ್ಕೂಟ ಹಿಂದಿನವರನ್ನೂ ಮರೆಯಲಿಲ್ಲ. ಭೂಮಾಪನದ ಇತಿಹಾಸಕ್ಕೆಂದೇ ಅದರೊಳಗೆ ಒಂದು ಅಂಗಸಂಸ್ಥೆ ಇದೆ. ಅದರವರು ಕೈಗೂಡಿಸಿದ ಯತ್ನದ ಫಲವಾಗಿ 2005ರಲ್ಲಿ ಸ್ಟ್ರೂವೆಯ ಮಾಪನ ಚಾಪಕ್ಕೆ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸ್ಥಾನ ದೊರಕಿತು. ಖಗೋಳಜ್ಞ ಸ್ಟ್ರೂವೆಯ ಮುಂದಾಳುತನದಲ್ಲಿ 1816ರಿಂದ 1855ರ ವರೆಗೆ ಅಳೆದ ತ್ರಿಭುಜಗಳ ಸರಣಿಯದು. ನಾರ್ವೆಯ ಉತ್ತರ ತುದಿಯಿಂದ ಕಪ್ಪು ಸಮುದ್ರದ ಸಮೀಪದ ವರೆಗೆ 2,820 ಕಿಲೋಮೀಟರು; ಈಗಿನ ಹತ್ತು ದೇಶಗಳ ಮೂಲಕ ಹಾದುಹೋಗುತ್ತದೆ. ಬಂಡೆಯಲ್ಲಿ ಕೊರೆದ ಒಂದು ಕುಳಿ, ಒಂದು ಶಿಲುಬೆಯ ಗುರುತು, ಕಲ್ಲುಗುಪ್ಪೆ: ನೋಡುವುದಕ್ಕೆ ಇರುವುದಿಷ್ಟೇ. ಅರಮನೆ ಗೋಪುರಗಳ ಪಟ್ಟಿಯಲ್ಲಿ ಇಂಥ ಗುರುತುಗಳಿಗೂ ಎಡೆ ಸಿಕ್ಕಿತಲ್ಲ ಎಂದು ನಾನು ಸಂತೋಷಪಟ್ಟೆ. ಆ ಹತ್ತು ದೇಶಗಳಲ್ಲಿ ರಷ್ಯವೂ ಉಕ್ರೇನೂ ಇವೆ. 2022ರಲ್ಲಿ ರಷ್ಯದ ಸೈನ್ಯ ಉಕ್ರೇನಿನೊಳಕ್ಕೆ ನುಗ್ಗಿತು. ಒಂದೇ ಸರಣಿಯ ಕಲ್ಲುಗಳು ಎರಡು ಕಡೆಯಲ್ಲೂ ನಿಂತು ಅದನ್ನು ಕಂಡವು.

ಇಂಥ ಚಾಪವೊಂದು ನಮ್ಮಲ್ಲೂ ಉಂಟು. ಅದು ಮೊಳೆತದ್ದು ನಮ್ಮ ನಾಡಿನಲ್ಲಿಯೇ ಎಂಬುದನ್ನು ನಾವು ನೆನೆಯುವುದು ಕಡಮೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದವಾದ ಆಧಾರರೇಖೆಯನ್ನು ಅಳೆದ. ಅವನು ಬಳಸಿದ ನೂರಡಿಯ ಉಕ್ಕಿನ ಸರಪಳಿ ಬ್ರಿಟಿಷ್ ರಾಯಭಾರದ ಜೊತೆ ಚೀನಾಕ್ಕೆ ಹೋಗಿ, ಅಲ್ಲಿಂದ ಭಾರತಕ್ಕೆ ಬಂದದ್ದು. ಅದೇ ಹೊತ್ತಿನಲ್ಲಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಯನ್ನು ನಡೆಸುತ್ತ ಕೈಫಿಯತ್ತುಗಳನ್ನೂ ಕೂಡಿಹಾಕುತ್ತಿದ್ದ. 1802ರಲ್ಲಿ ಮದರಾಸಿನಲ್ಲಿ ಹೊಸ ಆಧಾರರೇಖೆ ಎಳೆದು ಲ್ಯಾಂಬ್ಟನ್ ಮೊದಲುಮಾಡಿದ ಕೆಲಸ, ಎವರೆಸ್ಟನ ಕಾಲಕ್ಕೆ, ಕನ್ಯಾಕುಮಾರಿಯಿಂದ ಹಿಮಾಲಯದ ತಪ್ಪಲಿನ ವರೆಗಿನ ಮಹಾಚಾಪವಾಗಿ ಬೆಳೆಯಿತು. ಗೆದ್ದವರು ಗೆದ್ದ ನೆಲವನ್ನು ಅಳೆದುಕೊಂಡ ಕೆಲಸವದು; ಆದರೂ ವಿಜ್ಞಾನದ ದೃಷ್ಟಿಯಿಂದ ಅಸಾಧಾರಣ ಸಾಹಸ.

ಇನ್ನು ಇಂದಿನ ಮಾತಿಗೆ ಬರೋಣ. 1998ರಲ್ಲಿ ಒಕ್ಕೂಟದ ಒಂದು ಆಯೋಗ ಮುಂಬರುವ ಕಡಾಸ್ಟರ್ ಹೇಗಿರುತ್ತದೆಂದು ಭವಿಷ್ಯ ನುಡಿದಿತ್ತು. ಅದರಲ್ಲಿನ ಒಂದು ಮಾತು: ನಕ್ಷೆ ಬೇರೆ, ದಫ್ತರು ಬೇರೆ ಎಂಬ ಭೇದ ಅಳಿಯುತ್ತದೆ. ಅದಾದ ಎರಡು ಮೂರು ವರ್ಷಗಳಲ್ಲಿ ಕರ್ನಾಟಕದಲ್ಲಿ ಭೂಮಿ ಯೋಜನೆ ಬಂದು, ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ದೊಡ್ಡ ಕೆಲಸ, ಸಂದೇಹವಿಲ್ಲ. ಆದರೆ ಏರಿದ್ದು ದಫ್ತರು, ನಕ್ಷೆಯಲ್ಲ. ಪಹಣಿಯಲ್ಲಿ ಎರಡೆಕರೆ, ನೆಲದ ಮೇಲೆ ಒಂದೂಮುಕ್ಕಾಲು ಎಂಬ ಕಥೆ ಎಷ್ಟು ಮನೆಗಳಲ್ಲಿಲ್ಲ! ಪೋಡಿಯಾಗದ ಹಿಸ್ಸೆಗಳು, ಹದ್ದುಬಸ್ತಿಗೆ ಕಾಯುವ ಅರ್ಜಿಗಳು ನಮಗೆ ಹೊಸವಲ್ಲ. 2020ರಲ್ಲಿ ಕೇಂದ್ರ ಸರಕಾರ ಡ್ರೋನುಗಳನ್ನು ಹಾರಿಸಿ ಹಳ್ಳಿಯ ಮನೆ ನಿವೇಶನಗಳನ್ನು ಅಳೆಯುವ ಸ್ವಾಮಿತ್ವ ಯೋಜನೆಯನ್ನು ತೊಡಗಿದಾಗ, ಆಕಾಶದ ಚಿತ್ರದ ಮೇಲೆ ಗೆರೆ ಎಳೆಯುವ ಆ ಪ್ರಶ್ನೆ ನಮ್ಮ ಬಾಗಿಲಿಗೂ ಬಂತು. ಗೆರೆ ಎಳೆಯುವಾಗ ನೆರೆಯವನು ಅಲ್ಲಿ ನಿಂತಿದ್ದನೇ? ಮನೆಯೊಡತಿಯ ಹೆಸರು ಬಂತೇ? ಬಾಡಿಗೆಗೋ ಬಿಟ್ಟಿಗೋ ಇದ್ದವನ ಮಾತನ್ನು ಯಾರಾದರೂ ಕೇಳಿದರೇ? ಯಂತ್ರಕ್ಕೆ ಈ ಪ್ರಶ್ನೆಗಳು ಹೊಳೆಯುವುದಿಲ್ಲ. ಅವು ಹೊಳೆಯಬೇಕಾದದ್ದು ಸರ್ವೆಯವನಿಗೆ. ಹೊಳೆಯುವಂತೆ ಅವನನ್ನು ಬೆಳೆಸುವುದು ಅವನ ವೃತ್ತಿಯ ಬಳಗ.

ಇದರರ್ಥ ಒಕ್ಕೂಟದಿಂದ ಎಲ್ಲವೂ ಸಾಧ್ಯವೆಂದಲ್ಲ. ಘೋಷಣೆ ಹೊರಡಿಸಿದಷ್ಟು ಸುಲಭವಾಗಿ ಗೇಣಿದಾರನಿಗೆ ಪತ್ರ ಸಿಕ್ಕುವುದಿಲ್ಲ. ಮಹಾಸಭೆಗೆ ಹೋಗಿಬರುವ ಖರ್ಚು ಬಡದೇಶದ ಸರ್ವೆಯವನ ಕೈಗೆ ಎಟುಕುವಂಥದಲ್ಲ. ಅದರ ಸದಸ್ಯತ್ವ ಇಂದು ನೂರಿಪ್ಪತ್ತಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದ್ದರೂ, ತಾಲ್ಲೂಕು ಕಚೇರಿಯ ಮೂಲೆಯಲ್ಲಿ ಕುಳಿತ ಭೂಮಾಪಕನಿಗೆ ಅದರ ಹೆಸರೂ ಗೊತ್ತಿರಲಾರದು. ಆದರೆ ನದಿಯ ಹೆಸರು ತಿಳಿಯದವನ ಗದ್ದೆಗೂ ಕಾಲುವೆಯ ನೀರು ಹರಿಯುತ್ತದೆ.

ನಾನು ಮತ್ತೆ ಆ ಬಾಂದುಕಲ್ಲಿನ ಬಳಿಗೇ ಬರುತ್ತೇನೆ. ಅಂದು ನಮ್ಮೂರ ಹೊಲದಲ್ಲಿ ಸರಪಳಿ ಹಿಡಿದ ಆ ಸರ್ವೆಯವರು ಸಂಜೆಯ ಹೊತ್ತಿಗೆ ಕಲ್ಲಿನ ಜಾಗವನ್ನು ತೋರಿಸಿದರು. ಸೋತವನು ಮರುಮಾತಾಡದೆ ಒಪ್ಪಿದ. ಅವನು ಒಪ್ಪಿದ್ದು ಕಬ್ಬಿಣದ ಸರಪಳಿಯನ್ನಲ್ಲ, ಅದನ್ನು ಹಿಡಿದವರ ನಡತೆಯನ್ನು ಎಂದು ನನಗೆ ಈಗ ಅನ್ನಿಸುತ್ತದೆ. ಸರಪಳಿ ಹೋಗಿ ಉಪಗ್ರಹ ಬಂದಿದೆ. ಆಣೆ ಹೋಗಿ ಮೀಟರು ಬಂದಿದೆ. ಅಳೆಯುವವನ ಮೇಲಣ ನಂಬಿಕೆಗೆ ಮಾತ್ರ ಇನ್ನೂ ಬದಲಿ ಯಂತ್ರ ಬಂದಿಲ್ಲ. ಆ ನಂಬಿಕೆಯನ್ನು ಊರೂರಿನಲ್ಲಿ ಒಬ್ಬೊಬ್ಬನೇ ಕಾಯಬೇಕು. ಕಾಯುವವನು ಒಂಟಿಯಲ್ಲ ಎಂದು ಅವನಿಗೆ ಹೇಳುವುದಕ್ಕಾಗಿಯೇ ಏಳು ದೇಶಗಳವರು ಪ್ಯಾರಿಸಿನಲ್ಲಿ ಕಲೆತರೆಂದು ತಿಳಿದರೆ ತಪ್ಪಾಗಲಾರದು.